ಹೃದಯದ ಬಡಿತಕ್ಕೆ ಒಂದು ಮಾತ್ರೆ, ಫಂಗಸ್‌ಗೆ ಇನ್ನೊಂದು: ನಡುವೆ ಎರಡು ಗಂಟೆ ಬಿಟ್ಟರೆ ಸಾಕಾ?

ಅಂಗಳದ_ಮಲ್ಲಿಗೆ

ಎಲ್ಲರಿಗೂ ನಮಸ್ಕಾರ. ಅಪ್ಪನಿಗೆ ಏಟ್ರಿಯಲ್ ಫಿಬ್ರಿಲೇಷನ್ ಇದೆ. ಹೃದಯದ ಮೇಲಿನ ಕೋಣೆಗಳು ತಾಳ ತಪ್ಪಿ ಅದುರುವ ತೊಂದರೆ. ಅದಕ್ಕೆ ಅಮಿಯೊಡರಾನ್ 200 ಮಿಲಿಗ್ರಾಂ, ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್, ಕಾಲಿನ ಊತಕ್ಕೆ ಫ್ಯುರೊಸೆಮೈಡ್ ತೆಗೆದುಕೊಳ್ಳುತ್ತಾರೆ. ಇಷ್ಟರಲ್ಲಿ ಎಲ್ಲ ಹದವಾಗಿ ನಡೆಯುತ್ತಿತ್ತು.

ಈಗ ತೊಡೆಸಂದಿಯಿಂದ ಸೊಂಟದವರೆಗೆ ಹುಳುಕಡ್ಡಿ ಹರಡಿದೆ. ಚರ್ಮದ ಡಾಕ್ಟರು ಇಟ್ರಾಕೊನಜೋಲ್ ಕ್ಯಾಪ್ಸೂಲ್ ಬರೆದುಕೊಟ್ಟರು. ಬೇರೆ ಏನು ಮಾತ್ರೆ ನಡೆಯುತ್ತಿದೆ ಅಂತ ಅವರು ಕೇಳಲಿಲ್ಲ. ಚರ್ಮಕ್ಕೂ ಹೃದಯಕ್ಕೂ ಏನು ಸಂಬಂಧ ಅಂತ ಅಪ್ಪನೂ ಹೇಳಲಿಲ್ಲ. ಔಷಧಿ ಅಂಗಡಿಯಲ್ಲಿ ಹಳೇ ಚೀಟಿ ತೋರಿಸಿದಾಗ, "ಎರಡು ಗಂಟೆ ಅಂತರ ಬಿಟ್ಟು ಕೊಡಿ, ಏನೂ ಆಗಲ್ಲ" ಅಂದರು. ಇನ್ನೂ ಶುರು ಮಾಡಿಲ್ಲ. ಅಂತರ ಬಿಟ್ಟರೆ ನಿಜವಾಗಿ ಸಾಕಾ? ತಿಳಿದವರು ದಯವಿಟ್ಟು ಹೇಳಿ.

ನಾಡಿಮಿಡಿತ

ಶುರು ಮಾಡಬೇಡಿ ಅಕ್ಕ. ಹಾಗಂತ ಅಮಿಯೊಡರಾನ್ ಕೂಡ ನಿಲ್ಲಿಸಬೇಡಿ. ಹೃದಯದ ಡಾಕ್ಟರಿಗೆ ಇವತ್ತೇ ಫೋನ್ ಮಾಡಿ.

ಗುಳಿಗೆ_ಲೆಕ್ಕ

ಮಲ್ಲಿಗೆಯವರೇ, ಕೊಡುವ ಮೊದಲೇ ಕೇಳಿದ್ದು ಬಹಳ ಒಳ್ಳೆಯದಾಯಿತು. ನಾನು ಆಸ್ಪತ್ರೆಯಲ್ಲಿ ಕ್ಲಿನಿಕಲ್ ಫಾರ್ಮಸಿಸ್ಟ್. ಸ್ವಲ್ಪ ಉದ್ದ ಬರೆಯುತ್ತೇನೆ. "ಬೇಡ" ಅಂತ ಒಂದೇ ಮಾತು ಹೇಳಿದರೆ ನಾಳೆ ಇನ್ನೊಂದು ಮಾತ್ರೆ ಬಂದಾಗ ಮತ್ತೆ ಇದೇ ಗೊಂದಲ ಆಗುತ್ತದೆ.

ಅಂತರ ಬಿಡುವುದು ಕೆಲವು ಕಡೆ ನಿಜಕ್ಕೂ ಬೇಕು. ಇದೇ ಇಟ್ರಾಕೊನಜೋಲ್ ಕ್ಯಾಪ್ಸೂಲ್ ಕರಗಲು ಹೊಟ್ಟೆಯಲ್ಲಿ ಆಮ್ಲ ಇರಬೇಕು. ಆಸಿಡಿಟಿ ಸಿರಪ್ ಜೊತೆಯಲ್ಲೇ ಕುಡಿದರೆ ಅದು ಸರಿಯಾಗಿ ಮೈಗೆ ಸೇರುವುದಿಲ್ಲ. ಅಲ್ಲಿ ಜಗಳ ಹೊಟ್ಟೆಯೊಳಗೆ, ಹಾಗಾಗಿ ಹೊತ್ತು ಬದಲಿಸಿದರೆ ಬಗೆಹರಿಯುತ್ತದೆ. ಅಂಗಡಿಯವರು ಆ ಲೆಕ್ಕವನ್ನೇ ಇಲ್ಲಿಗೂ ಹಾಕಿದ್ದಾರೆ. ನಿಮ್ಮ ತಂದೆಯ ವಿಷಯದಲ್ಲಿ ಜಗಳ ನಡೆಯುವುದು ಲಿವರ್‌ನಲ್ಲಿ ಮತ್ತು ಹೃದಯದ ಜೀವಕೋಶದಲ್ಲಿ. ಅಲ್ಲಿ ಬೆಳಿಗ್ಗೆ ಒಂದು, ರಾತ್ರಿ ಒಂದು ಕೊಟ್ಟರೂ ಅಷ್ಟೇ.

ಮೊದಲು ಲಿವರ್. ಹೆಸರಿನ ಕೊನೆಗೆ "ಕೊನಜೋಲ್" ಅಂತ ಬರುವ ಫಂಗಸ್ ಮಾತ್ರೆಗಳೆಲ್ಲ ಒಂದೇ ಕುಟುಂಬದವು. ಕೀಟೊಕೊನಜೋಲ್, ಇಟ್ರಾಕೊನಜೋಲ್, ಫ್ಲುಕೊನಜೋಲ್, ವೊರಿಕೊನಜೋಲ್, ಪೊಸಕೊನಜೋಲ್. ಫಂಗಸ್ ತನ್ನ ಹೊರಪೊರೆಗೆ ಬೇಕಾದ ಎರ್ಗೊಸ್ಟೆರಾಲ್ ಮಾಡಿಕೊಳ್ಳಲು ಒಂದು ಕಿಣ್ವ ಬಳಸುತ್ತದೆ. ಈ ಔಷಧಿಗಳು ಅದನ್ನು ಕಟ್ಟಿಹಾಕುತ್ತವೆ. ತೊಂದರೆ ಏನೆಂದರೆ ಆ ಕಿಣ್ವ ಸೈಟೊಕ್ರೋಮ್ ಪಿ450 ಎಂಬ ದೊಡ್ಡ ಬಳಗಕ್ಕೆ ಸೇರಿದ್ದು, ಮತ್ತು ನಮ್ಮ ಲಿವರ್‌ನಲ್ಲಿ ಔಷಧಿಗಳನ್ನು ಒಡೆದು ಹೊರಗೆ ಕಳಿಸುವ ಕಿಣ್ವಗಳೂ ಅದೇ ಬಳಗದವು. ಫಂಗಸ್‌ಗೆ ಇಟ್ಟ ಗುರಿ ನಮ್ಮ ಲಿವರ್‌ಗೂ ತಾಗುತ್ತದೆ. ಅದರಲ್ಲೂ ಸಿವೈಪಿ 3ಎ4 ಎಂಬ ಕಿಣ್ವವನ್ನು ಕೀಟೊಕೊನಜೋಲ್ ಮತ್ತು ಇಟ್ರಾಕೊನಜೋಲ್ ಬಹಳ ಗಟ್ಟಿಯಾಗಿ ತಡೆಯುತ್ತವೆ. ಅಮಿಯೊಡರಾನ್ ಒಡೆಯುವುದರಲ್ಲಿ ಈ ಕಿಣ್ವಕ್ಕೆ ದೊಡ್ಡ ಪಾಲಿದೆ. ಬಚ್ಚಲ ತೂಬಿಗೆ ಬಟ್ಟೆ ತುರುಕಿದರೆ ನಲ್ಲಿಯನ್ನು ಎಂದಿನಷ್ಟೇ ಬಿಟ್ಟರೂ ನೀರು ಏರುತ್ತದಲ್ಲ, ಹಾಗೆ ಡೋಸ್ ಬದಲಾಗದೆಯೇ ರಕ್ತದಲ್ಲಿ ಔಷಧಿಯ ಮಟ್ಟ ಏರುತ್ತದೆ.

ಎರಡನೆಯದು ಹೃದಯ. ಪ್ರತಿ ಬಡಿತದ ನಂತರ ಹೃದಯದ ಜೀವಕೋಶ ಮುಂದಿನ ಬಡಿತಕ್ಕೆ ಸಿದ್ಧವಾಗಬೇಕು. ಅದಕ್ಕಾಗಿ ಪೊಟ್ಯಾಸಿಯಂ ಹೊರಗೆ ಹೋಗುವ ಒಂದು ದಾರಿ ತೆರೆಯುತ್ತದೆ. ಅಮಿಯೊಡರಾನ್ ಆ ದಾರಿಯನ್ನು ಬೇಕೆಂದೇ ನಿಧಾನ ಮಾಡುತ್ತದೆ, ಅದರ ಕೆಲಸವೇ ಅದು. ಹಲವು ಕೊನಜೋಲ್‌ಗಳೂ ಅದೇ ದಾರಿಗೆ ಅಡ್ಡ ಬರುತ್ತವೆ. ಆಗ ಇಸಿಜಿಯಲ್ಲಿ ಕ್ಯೂಟಿ ಎಂಬ ಅಂತರ ಉದ್ದವಾಗುತ್ತದೆ. ಅದು ಅತಿಯಾದರೆ ಟೊರ್ಸೇಡ್ಸ್ ಎಂಬ, ಹೃದಯ ತಾಳ ತಪ್ಪಿ ಬಲು ವೇಗವಾಗಿ ಬಡಿಯುವ ಅಪಾಯಕಾರಿ ಓಟ ಶುರುವಾಗಬಹುದು. ಒಂದು ಔಷಧಿ ಇನ್ನೊಂದರ ಮಟ್ಟ ಏರಿಸುವುದು ಬೇರೆ, ಎರಡೂ ಸೇರಿ ಕ್ಯೂಟಿ ಎಳೆಯುವುದು ಬೇರೆ. ಕೆಲವು ಜೋಡಿಗಳಲ್ಲಿ ಎರಡೂ ಒಟ್ಟಿಗೆ ನಡೆಯುತ್ತವೆ. ಅದಕ್ಕೇ ಬಡಿತ ತಿದ್ದುವ ಬೇರೆ ಔಷಧಿಗಳಾದ ಕ್ವಿನಿಡಿನ್, ಡೊಫೆಟಿಲೈಡ್, ಡ್ರೊನೆಡರಾನ್, ಡೈಸೊಪಿರಮೈಡ್ ತೆಗೆದುಕೊಳ್ಳುವವರಿಗೆ ಇಟ್ರಾಕೊನಜೋಲ್ ಕೊಡಲೇಬಾರದು ಅಂತ ಔಷಧಿಯ ಜೊತೆ ಬರುವ ಹಾಳೆಯಲ್ಲೇ ಬರೆದಿರುತ್ತಾರೆ.

ನಿಮ್ಮ ತಂದೆಗೆ ಇನ್ನೂ ಎರಡು ಕಾರಣ ಇವೆ. ಕಾಲಿನ ಊತ ಅಂದಿರಿ. ಅದು ಹೃದಯ ಸೋತದ್ದರಿಂದ ಬಂದಿದ್ದರೆ ಇಟ್ರಾಕೊನಜೋಲ್ ಹಾಗೆಯೇ ಬೇಡ, ಅಮಿಯೊಡರಾನ್ ಇರಲಿ ಇಲ್ಲದಿರಲಿ. ಅದು ಹೃದಯ ಹಿಂಡುವ ಬಲವನ್ನೇ ಕುಗ್ಗಿಸಬಹುದು. ಅಮೆರಿಕದ ಎಫ್‌ಡಿಎ ಈ ಬಗ್ಗೆ 2001ರಲ್ಲೇ ಎಚ್ಚರಿಕೆ ಕೊಟ್ಟಿತು. ಇನ್ನೊಂದು ವಾರ್ಫರಿನ್. ಅಮಿಯೊಡರಾನ್ ಅದರ ಪರಿಣಾಮವನ್ನು ಈಗಾಗಲೇ ಜಾಸ್ತಿ ಮಾಡಿರುತ್ತದೆ, ಕೊನಜೋಲ್ ಸೇರಿದರೆ ರಕ್ತ ಹೆಪ್ಪುಗಟ್ಟಲು ಎಷ್ಟು ತಡವಾಗುತ್ತದೆ ಅಂತ ತೋರಿಸುವ ಐಎನ್‌ಆರ್ ಇನ್ನೂ ಏರಿ ರಕ್ತಸ್ರಾವ ಆಗಬಹುದು. ವಾರ್ಫರಿನ್ ಮಟ್ಟಿಗೆ ಫ್ಲುಕೊನಜೋಲ್ ಇನ್ನೂ ಕೆಟ್ಟದ್ದು, ಯಾಕೆಂದರೆ ವಾರ್ಫರಿನ್ ಒಡೆಯುವ ಸಿವೈಪಿ 2ಸಿ9 ಕಿಣ್ವವನ್ನೇ ಅದು ಹಿಡಿಯುತ್ತದೆ.

ಡಾಕ್ಟರನ್ನು ಕೇಳುವಾಗ ಒಂದೇ ಸಾಲಿನಲ್ಲಿ ಹೀಗೆ ಹೇಳಿ: "ಅಮಿಯೊಡರಾನ್, ವಾರ್ಫರಿನ್, ಫ್ಯುರೊಸೆಮೈಡ್ ನಡೆಯುತ್ತಿದೆ, ಅದರ ಮೇಲೆ ಇಟ್ರಾಕೊನಜೋಲ್ ಬರೆದಿದ್ದಾರೆ." ಫೋನ್‌ನಲ್ಲಿ ಅಷ್ಟು ಕೇಳಿದರೆ ಸಾಕು, ಅವರಿಗೆ ಎಲ್ಲ ಅರ್ಥವಾಗುತ್ತದೆ.

ಸರಳಜೀವಿ

ಯಾಕೆ ಸರ್ ಇಷ್ಟೊಂದು ಹೆದರಿಸುತ್ತೀರಿ? ನಮ್ಮ ಮಾವ ಅಮಿಯೊಡರಾನ್ ಜೊತೆ ಫ್ಲುಕೊನಜೋಲ್ ತೆಗೆದುಕೊಂಡರು. ಏನೂ ಆಗಲಿಲ್ಲ. ಹೀಗೆ ಓದಿ ಓದಿ ಜನ ಬೇಕಾದ ಮಾತ್ರೆಯನ್ನೂ ಬಿಟ್ಟುಬಿಡುತ್ತಾರೆ.

ಗುಳಿಗೆ_ಲೆಕ್ಕ

ನಿಮ್ಮ ಕೊನೆಯ ಮಾತು ನನಗೂ ಚಿಂತೆಯೇ. ಹೆದರಿ ಅಮಿಯೊಡರಾನ್ ಬಿಟ್ಟರೆ ಬಡಿತ ಮತ್ತೆ ಕೆಡಬಹುದು. ಅದಕ್ಕೇ ನಾಡಿಮಿಡಿತ ಅವರು ಮೊದಲೇ ಹೇಳಿದ್ದು ಸರಿ.

ನಿಮ್ಮ ಮಾವನಿಗೆ ಏನೂ ಆಗದಿದ್ದದ್ದು ಸಂತೋಷ. ಬಹಳ ಜನಕ್ಕೆ ಏನೂ ಆಗುವುದಿಲ್ಲ, ಅದು ನಿಜ. ಕ್ಯೂಟಿ ಉದ್ದ ಮಾಡುವ ಔಷಧಿಗಳ ನಡುವೆ ಅಮಿಯೊಡರಾನ್‌ನಿಂದ ಟೊರ್ಸೇಡ್ಸ್ ಬರುವುದು ಕಡಿಮೆಯೇ. ಆದರೆ ಒಬ್ಬರ ಮೈಯಲ್ಲಿ ನಡೆದದ್ದು ಇನ್ನೊಬ್ಬರಿಗೆ ಲೆಕ್ಕವಾಗುವುದಿಲ್ಲ. ಪೊಟ್ಯಾಸಿಯಂ ಎಷ್ಟಿತ್ತು, ಕಿಡ್ನಿ ಲಿವರ್ ಹೇಗಿದ್ದವು, ನಾಡಿ ಎಷ್ಟು ನಿಧಾನ ಇತ್ತು, ಡೋಸ್ ಎಷ್ಟು, ಎಷ್ಟು ದಿನ, ಇದೆಲ್ಲ ಸೇರುತ್ತದೆ. ವಯಸ್ಸಾದವರಿಗೆ, ಹೆಂಗಸರಿಗೆ, ಹೃದಯ ದುರ್ಬಲ ಇರುವವರಿಗೆ ಅಪಾಯ ಜಾಸ್ತಿ.

ಟರ್ಫೆನಡಿನ್ ಕಥೆ ಕೇಳಿ. ನೆಗಡಿ, ಅಲರ್ಜಿಗೆ ಕೊಡುತ್ತಿದ್ದ ಮಾತ್ರೆ. ನಿದ್ದೆ ಬರಿಸದು ಅಂತ ಲಕ್ಷಾಂತರ ಜನ ನುಂಗಿದರು, ಬಹುಪಾಲು ಜನ ಚೆನ್ನಾಗಿಯೇ ಇದ್ದರು. 1990ರಲ್ಲಿ 39 ವರ್ಷದ ಒಬ್ಬ ಮಹಿಳೆಯ ವಿಷಯ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಟರ್ಫೆನಡಿನ್ ತೆಗೆದುಕೊಳ್ಳುತ್ತಿದ್ದವರು ಕೀಟೊಕೊನಜೋಲ್ ಅನ್ನೂ ಸೇರಿಸಿಕೊಂಡಿದ್ದರು. ಪ್ರಜ್ಞೆ ತಪ್ಪತೊಡಗಿತು, ಇಸಿಜಿಯಲ್ಲಿ ಟೊರ್ಸೇಡ್ಸ್ ಕಾಣಿಸಿತು. ಸಾಮಾನ್ಯವಾಗಿ ಟರ್ಫೆನಡಿನ್ ಲಿವರ್ ದಾಟುವಷ್ಟರಲ್ಲೇ ಒಡೆದು ಬೇರೆ ರೂಪಕ್ಕೆ ಬಂದಿರುತ್ತದೆ. ಕೀಟೊಕೊನಜೋಲ್ ಅದನ್ನು ತಡೆದಾಗ ಮೂಲ ಔಷಧಿಯೇ ಹೃದಯ ಮುಟ್ಟಿತು. 1998ರಲ್ಲಿ ಅಮೆರಿಕದ ಮಾರುಕಟ್ಟೆಯಿಂದ ಅದನ್ನು ತೆಗೆದರು. ಲಿವರ್ ಒಡೆದ ಮೇಲೆ ಉಳಿಯುವ ಆ ಒಳ್ಳೆಯ ರೂಪವನ್ನೇ ಈಗ ಫೆಕ್ಸೊಫೆನಡಿನ್ ಅಂತ ಮಾರುತ್ತಾರೆ. ಆಸ್ಟೆಮಿಜೋಲ್ 1999ರಲ್ಲಿ, ಸಿಸಾಪ್ರೈಡ್ 2000ದಲ್ಲಿ ಅಲ್ಲಿ ಅದೇ ದಾರಿ ಹಿಡಿದವು. ಇವು ಯಾವುವೂ ಹೃದಯದ ಮಾತ್ರೆಗಳೇ ಅಲ್ಲ. ಬಡಿತ ತಿದ್ದುವ ಔಷಧಿಯ ಜೊತೆ ಇನ್ನೆಷ್ಟು ಎಚ್ಚರ ಬೇಕು ಹೇಳಿ.

ಹಳೇ_ಸಿಸ್ಟರ್

ನಾನು ಹೃದಯದ ಐಸಿಯುನಲ್ಲಿ ನರ್ಸ್ ಆಗಿದ್ದವಳು. ಟೊರ್ಸೇಡ್ಸ್ ಅಂದರೆ ಏನು ಅಂತ ನೋಡಿದವರ ಬಾಯಲ್ಲಿ ಕೇಳಿ. ಮಾನಿಟರ್ ಮೇಲೆ ಬಡಿತದ ಗೆರೆ ಎಂದಿನಂತೆ ಓಡುತ್ತಿರುತ್ತದೆ. ಒಂದು ಬಡಿತ ಬೇಗ ಬೀಳುತ್ತದೆ, ಆಮೇಲೆ ಸ್ವಲ್ಪ ಹೊತ್ತು ಖಾಲಿ. ಅದರ ಬೆನ್ನಿಗೆ ಗೆರೆ ಅಗಲವಾಗಿ, ಬಲು ವೇಗವಾಗಿ ಓಡಲು ಶುರು. ಎತ್ತರ ಇದ್ದದ್ದು ಸಣ್ಣದಾಗುತ್ತದೆ, ಮತ್ತೆ ದೊಡ್ಡದಾಗುತ್ತದೆ, ಮೊನೆ ಮೇಲಿದ್ದದ್ದು ಕೆಳಗೆ ತಿರುಗುತ್ತದೆ, ಇಡೀ ಗೆರೆ ತನ್ನ ಸುತ್ತ ತಾನೇ ಹೊಸೆದುಕೊಳ್ಳುತ್ತದೆ. ಫ್ರಾನ್ಸಿನ ಡೆಸೆರ್ಟೆನ್ ಎಂಬ ವೈದ್ಯರು 1966ರಲ್ಲಿ ಇದನ್ನು ಗುರುತಿಸಿ ಬರೆದರು ಅಂತ ನಮಗೆ ಪಾಠದಲ್ಲಿತ್ತು.

ಒಮ್ಮೊಮ್ಮೆ ತಾನಾಗಿ ನಿಲ್ಲುತ್ತದೆ. ರೋಗಿ ಕಣ್ಣು ಬಿಟ್ಟು "ತಲೆ ತಿರುಗಿದ ಹಾಗಾಯಿತು" ಅನ್ನುತ್ತಾರೆ. ನಿಲ್ಲದಿದ್ದರೆ ಹೃದಯ ಸುಮ್ಮನೆ ನಡುಗುತ್ತದೆ, ರಕ್ತ ತಳ್ಳುವುದಿಲ್ಲ. ಆಗ ಶಾಕ್ ಕೊಡಬೇಕು. ಮೊದಲು ಕೈ ಹೋಗುವುದು ಮೆಗ್ನೀಸಿಯಂ ಸಲ್ಫೇಟ್‌ಗೆ, 2 ಗ್ರಾಂ ನರಕ್ಕೆ. ರಕ್ತದಲ್ಲಿ ಮೆಗ್ನೀಸಿಯಂ ಸರಿಯಿದ್ದರೂ ಕೊಡುತ್ತಾರೆ. ಜೊತೆಗೆ ಪೊಟ್ಯಾಸಿಯಂ ಸರಿ ಮಾಡುವುದು, ಕಾರಣವಾದ ಔಷಧಿ ನಿಲ್ಲಿಸುವುದು.

ಮನೆಯವರಿಗೆ ಒಂದು ಮಾತು. ಮಾತ್ರೆ ಬದಲಾದ ಮೇಲೆ ಇದ್ದಕ್ಕಿದ್ದಂತೆ ಕಣ್ಣು ಕತ್ತಲೆ ಬಂದರೆ, ಕೂತಲ್ಲೇ ಕುಸಿದರೆ, ಎದೆ ಬಡಬಡ ಹೊಡೆದು ಪ್ರಜ್ಞೆ ತಪ್ಪಿದರೆ ಆಂಬುಲೆನ್ಸ್ ಕರೆಯಿರಿ. ಇದು ಫಿಟ್ಸ್ ಬಂದ ಹಾಗೆ ಕಾಣುವುದೂ ಉಂಟು. ಆಸ್ಪತ್ರೆಗೆ ಹೋಗುವಾಗ ಮಾತ್ರೆಯ ಸ್ಟ್ರಿಪ್‌ಗಳನ್ನೆಲ್ಲ ಕೈಯಲ್ಲಿ ಹಿಡಿದುಕೊಂಡು ಹೋಗಿ.

ಇಸಿಜಿ_ಅಣ್ಣ

ಸಿಸ್ಟರ್ ಸರಿಯಾಗಿ ಹೇಳಿದಿರಿ. ಕ್ಯೂಟಿ ಬಗ್ಗೆ ನಾನು ಸ್ವಲ್ಪ ಸೇರಿಸುತ್ತೇನೆ, ದಿನಾ ಅದೇ ಕೆಲಸ.

ಇಸಿಜಿ ಕಾಗದದಲ್ಲಿ ಒಂದು ಸಣ್ಣ ಚೌಕ ಅಂದರೆ 40 ಮಿಲಿಸೆಕೆಂಡ್. ಕ್ಯೂ ಅಲೆ ಶುರುವಾದಲ್ಲಿಂದ ಟಿ ಅಲೆ ಮುಗಿಯುವವರೆಗೆ ಎಣಿಸಬೇಕು. 11 ಚೌಕ ಬಂದರೆ 440. ಅಲ್ಲಿಗೆ ಮುಗಿಯಲಿಲ್ಲ. ನಾಡಿ ವೇಗವಾದರೆ ಕ್ಯೂಟಿ ತಾನಾಗಿಯೇ ಚಿಕ್ಕದಾಗುತ್ತದೆ, ಹಾಗಾಗಿ ವೇಗಕ್ಕೆ ತಕ್ಕಂತೆ ತಿದ್ದಬೇಕು. ತಿದ್ದಿದ್ದಕ್ಕೆ ಕ್ಯೂಟಿಸಿ ಅನ್ನುತ್ತೇವೆ. ನಾಡಿ 60 ಇದ್ದರೆ 440 ಅಂದರೆ 440ಯೇ. ಅದೇ 440, ನಾಡಿ 75 ಇದ್ದಾಗ ಬಂದರೆ ಬ್ಯಾಜೆಟ್ (Bazett) ಎಂಬುವರ ಸೂತ್ರದ ಪ್ರಕಾರ ಸುಮಾರು 492 ಆಗುತ್ತದೆ. ಕಾಗದದ ಮೇಲೆ ಅಷ್ಟೇ ಚೌಕ, ಅರ್ಥ ಪೂರಾ ಬೇರೆ. ಗಂಡಸರಿಗೆ 450, ಹೆಂಗಸರಿಗೆ 460 ದಾಟಿದರೆ ಸಾಮಾನ್ಯವಾಗಿ ಉದ್ದ ಅನ್ನುತ್ತಾರೆ. 500 ದಾಟಿದರೆ ಡಾಕ್ಟರನ್ನು ತಕ್ಷಣ ಕರೆಯುತ್ತೇವೆ.

ಒಂದು ವಿಷಯ ಮಾತ್ರ ಮನಸ್ಸಿನಲ್ಲಿಡಿ. ಮೆಷಿನ್ ಮೂಲೆಯಲ್ಲಿ ಅಚ್ಚು ಹಾಕುವ ಸಂಖ್ಯೆಯನ್ನು ಕಣ್ಣುಮುಚ್ಚಿ ನಂಬಬೇಡಿ. ಅಮಿಯೊಡರಾನ್ ತೆಗೆದುಕೊಳ್ಳುವವರಲ್ಲಿ ಟಿ ಅಲೆ ಚಪ್ಪಟೆಯಾಗಿ, ಪಕ್ಕದ ಯು ಅಲೆಯ ಜೊತೆ ಬೆರೆತು ಎಲ್ಲಿ ಮುಗಿಯಿತು ಅಂತ ಗೊತ್ತಾಗುವುದೇ ಕಷ್ಟ. ಏಟ್ರಿಯಲ್ ಫಿಬ್ರಿಲೇಷನ್ ನಡೆಯುತ್ತಿದ್ದರೆ ಬಡಿತಕ್ಕೊಂದು ಅಳತೆ ಬರುತ್ತದೆ. ಹಲವು ಬಡಿತ ಅಳೆದು ಸರಾಸರಿ ತೆಗೆಯಬೇಕು. "ಕೈಯಲ್ಲಿ ಅಳೆದು ನೋಡುತ್ತೀರಾ ಸರ್" ಅಂತ ಕೇಳಲು ಸಂಕೋಚ ಬೇಡ. ಹಳೆಯ ಇಸಿಜಿ ಇದ್ದರೆ ತನ್ನಿ. ಹೊಸದನ್ನು ಅದರ ಪಕ್ಕ ಇಟ್ಟು ನೋಡಿದಾಗಲೇ ಎಷ್ಟು ಬದಲಾಗಿದೆ ಅಂತ ತಿಳಿಯುವುದು.

ಬೆಳ್ಳಿಮೋಡ

ಕೇಳಲು ಮುಜುಗರ, ಆದರೂ ಕೇಳುತ್ತೇನೆ. ನಾನು ಹೃದಯದ ಬಡಿತ ತಿದ್ದಲು ಸೊಟಲಾಲ್ ತೆಗೆದುಕೊಳ್ಳುತ್ತೇನೆ. ಬಿಳಿಮುಟ್ಟು, ತುರಿಕೆ ಅಂತ ಹೋದರೆ ಫ್ಲುಕೊನಜೋಲ್ 150 ಒಂದೇ ಒಂದು ಮಾತ್ರೆ ಕೊಡುತ್ತಾರೆ. ಒಂದೇ ಮಾತ್ರೆ ತಾನೆ, ಅದಕ್ಕೂ ಯೋಚಿಸಬೇಕಾ?

ಗುಳಿಗೆ_ಲೆಕ್ಕ

ಮುಜುಗರ ಪಡುವಂಥದ್ದು ಏನೂ ಇಲ್ಲ ಮೇಡಂ. ತುಂಬಾ ಜನರಿಗೆ ಬೇಕಾದ ಪ್ರಶ್ನೆ ಇದು.

ಸೊಟಲಾಲ್ ಲಿವರ್‌ನಲ್ಲಿ ಒಡೆಯುವುದಿಲ್ಲ, ಕಿಡ್ನಿಯಿಂದ ಹಾಗೇ ಹೊರಗೆ ಹೋಗುತ್ತದೆ. ಆದ್ದರಿಂದ ಫ್ಲುಕೊನಜೋಲ್ ಅದರ ಮಟ್ಟ ಏರಿಸುವುದಿಲ್ಲ. ಆದರೆ ಎರಡೂ ಕ್ಯೂಟಿ ಉದ್ದ ಮಾಡುವ ಔಷಧಿಗಳೇ. ಪರಸ್ಪರ ತಡೆ ಇಲ್ಲದಿದ್ದರೂ ಭಾರ ಕೂಡುತ್ತದೆ. ಫ್ಲುಕೊನಜೋಲ್ ಅರ್ಧಕ್ಕೆ ಇಳಿಯಲು ಸುಮಾರು 30 ಗಂಟೆ ಬೇಕು. ಒಂದೇ ಮಾತ್ರೆಯಾದರೂ ಹಲವು ದಿನ ಮೈಯಲ್ಲಿ ಇರುತ್ತದೆ. ದೊಡ್ಡ ಡೋಸ್‌ನಷ್ಟು ಅಪಾಯ ಇಲ್ಲ, ನಿಜ. ಆದರೆ ನಿಮಗೆ ಸುಲಭದ ಬದಲಿ ಇರುವಾಗ ಆ ಭಾರ ಯಾಕೆ ಹೊರಬೇಕು? ಕ್ಲೊಟ್ರಿಮಜೋಲ್ ಒಳಗಿಡುವ ಮಾತ್ರೆ ಅಥವಾ ಕ್ರೀಮ್ ರಕ್ತಕ್ಕೆ ಸೇರುವುದು ಬಹಳ ಕಡಿಮೆ. ಅದನ್ನು ಕೇಳಿ ಬರೆಸಿಕೊಳ್ಳಿ.

ಇದೇ ಜಾಗದಲ್ಲಿ ವಾರ್ಫರಿನ್ ತೆಗೆದುಕೊಳ್ಳುವವರಿಗೂ ಹೇಳಿಬಿಡುತ್ತೇನೆ. ಮೈಕೊನಜೋಲ್ ಬಾಯಿಯ ಜೆಲ್ "ಹೊರಗೆ ಹಚ್ಚುವ ಮದ್ದು" ಅಂತ ಅನ್ನಿಸುತ್ತದೆ. ಅದು ನುಂಗಿದಾಗ ಐಎನ್‌ಆರ್ ಏರಿಸುವಷ್ಟು ಸೇರುತ್ತದೆ. ಒಳಗಿಡುವ ಮೈಕೊನಜೋಲ್‌ನಿಂದಲೂ ಹಾಗೆ ಆದದ್ದುಂಟು. ಬಾಯಿಯ ಬಿಳಿ ಹುಣ್ಣಿಗೆ ನಿಸ್ಟಾಟಿನ್ ಆದರೆ ಆ ಚಿಂತೆ ಇಲ್ಲ, ಅದು ಕರುಳಿನಿಂದ ರಕ್ತಕ್ಕೆ ಹೋಗುವುದೇ ಇಲ್ಲ ಅನ್ನಬಹುದು.

ಡ್ಯೂಟಿ_ರಾತ್ರಿ

ಮೆಡಿಸಿನ್ ಪಿಜಿ ಮಾಡುತ್ತಿದ್ದೇನೆ. ಇಲ್ಲಿ ಬಂದ ಮಾತೆಲ್ಲ ಸರಿ. ಆದರೆ ಓದಿದವರು "ಹೃದಯದ ರೋಗಿಗೆ ಕೊನಜೋಲ್ ಕೊಟ್ಟರೆ ತಪ್ಪು" ಅಂತ ತೀರ್ಮಾನ ಮಾಡಬಾರದು. ಚರ್ಮದ ಹುಳುಕಡ್ಡಿ ಕಾಯಬಹುದು. ಶ್ವಾಸಕೋಶಕ್ಕೆ ಇಳಿದ ಆಸ್ಪರ್ಜಿಲ್ಲಸ್ ಕಾಯುವುದಿಲ್ಲ. ಅಲ್ಲಿ ಫಂಗಸ್ ಬಿಟ್ಟರೆ ರೋಗಿ ಉಳಿಯುವುದಿಲ್ಲ, ವೊರಿಕೊನಜೋಲ್‌ನಂಥದ್ದು ಕೊಡಲೇಬೇಕಾಗುತ್ತದೆ.

ಆಗ ನಾವು ಮಾಡುವುದು ಬೇರೆ ಲೆಕ್ಕ. ಶುರು ಮಾಡುವ ಮೊದಲು ಇಸಿಜಿ, ಮತ್ತೆ ಕೆಲವು ದಿನಕ್ಕೆ ಇನ್ನೊಂದು. ಪೊಟ್ಯಾಸಿಯಂ 4ರ ಮೇಲೆ, ಮೆಗ್ನೀಸಿಯಂ 2ರ ಹತ್ತಿರ ಇಡಲು ನೋಡುತ್ತೇವೆ. ಕ್ಯೂಟಿ ಎಳೆಯುವ ಬೇರೆ ಔಷಧಿಗಳನ್ನು ಪಟ್ಟಿಯಿಂದ ತೆಗೆಯುತ್ತೇವೆ. ವಾಂತಿಗೆ ಒಂಡಾನ್ಸೆಟ್ರಾನ್, ಇನ್ಫೆಕ್ಷನ್‌ಗೆ ಕ್ಲಾರಿಥ್ರೊಮೈಸಿನ್ ಅಥವಾ ಲಿವೊಫ್ಲೊಕ್ಸಾಸಿನ್, ಮನಸ್ಸಿಗೆ ಎಸಿಟಲೊಪ್ರಾಂ, ಇವೆಲ್ಲ ಸದ್ದಿಲ್ಲದೆ ಸೇರಿಕೊಂಡಿರುತ್ತವೆ. ಬಹಳ ಸಲ ಅಪಾಯ ತರುವುದು ಎರಡಲ್ಲ, ಮೂರನೆಯದು.

ಬದಲಿಗಳೂ ಇವೆ, ಒಂದೊಂದಕ್ಕೂ ಒಂದೊಂದು ಕೊರತೆ. ಕ್ಯಾಂಡಿಡಾ ರಕ್ತಕ್ಕೆ ಇಳಿದಾಗ ಮೈಕಾಫಂಜಿನ್, ಕ್ಯಾಸ್ಪೊಫಂಜಿನ್ ಗುಂಪು ಹೃದಯದ ಮಾತ್ರೆಗಳ ತಂಟೆಗೆ ಅಷ್ಟಾಗಿ ಹೋಗುವುದಿಲ್ಲ. ಆದರೆ ನರಕ್ಕೇ ಕೊಡಬೇಕು. ಐಸಾವುಕೊನಜೋಲ್ ಕ್ಯೂಟಿಯನ್ನು ಉದ್ದ ಮಾಡುವ ಬದಲು ಚಿಕ್ಕದು ಮಾಡುತ್ತದೆ. ಹುಟ್ಟಿನಿಂದಲೇ ಕ್ಯೂಟಿ ಚಿಕ್ಕದಿರುವ ಮನೆತನದವರಿಗೆ ಅದನ್ನು ಕೊಡಬಾರದು, ಮತ್ತು ಸಿವೈಪಿ 3ಎ4 ಅನ್ನು ಅದೂ ಸ್ವಲ್ಪ ತಡೆಯುತ್ತದೆ. ಆಂಫೊಟೆರಿಸಿನ್ ಬಿ ಲಿವರ್ ಕಿಣ್ವಗಳನ್ನು ಮುಟ್ಟುವುದಿಲ್ಲ. ಆದರೆ ಕಿಡ್ನಿಯ ಮೂಲಕ ಪೊಟ್ಯಾಸಿಯಂ, ಮೆಗ್ನೀಸಿಯಂ ಸೋರಿಹೋಗುವಂತೆ ಮಾಡುತ್ತದೆ. ಸೊಟಲಾಲ್ ಅಥವಾ ಡಿಗಾಕ್ಸಿನ್ ಎಂಬ ಹೃದಯದ ಮಾತ್ರೆ ಮೇಲಿರುವವರಿಗೆ ಅದೇ ಸಾಕು, ಬಡಿತ ಕೆಡಲು.

ನಾಡಿಮಿಡಿತ

ಡಿಗಾಕ್ಸಿನ್ ಹೆಸರು ಬಂತಲ್ಲ ಡಾಕ್ಟ್ರೇ, ಇಟ್ರಾಕೊನಜೋಲ್ ಜೊತೆ ಅದರ ಮಟ್ಟವೂ ಏರುತ್ತದೆ ಅಂತ ನಮ್ಮ ಡಾಕ್ಟರು ಹೇಳಿದ್ದರು.

ಡ್ಯೂಟಿ_ರಾತ್ರಿ

ಹೌದು ಅಣ್ಣ. ಅದು ಸಿವೈಪಿಯಿಂದಲ್ಲ. ಡಿಗಾಕ್ಸಿನ್ ಅನ್ನು ಜೀವಕೋಶದಿಂದ ಹೊರಗೆ ತಳ್ಳುವ ಪಿ-ಗ್ಲೈಕೊಪ್ರೋಟೀನ್ ಎಂಬ ಪಂಪ್ ಅನ್ನು ಇಟ್ರಾಕೊನಜೋಲ್ ತಡೆಯುತ್ತದೆ. ಊಟ ಸೇರದಿರುವುದು, ವಾಕರಿಕೆ, ಕಣ್ಣಿಗೆ ಹಳದಿ ಹಳದಿಯಾಗಿ ಕಾಣುವುದು, ನಾಡಿ ತೀರಾ ನಿಧಾನ ಆಗುವುದು, ಇವು ಕಂಡರೆ ತಡಮಾಡಬಾರದು.

ಪ್ರಶ್ನೆ_ಪಾಪಣ್ಣ

ಹಾಗಾದರೆ ಟರ್ಬಿನಾಫಿನ್ ಕೊಟ್ಟರಾಯಿತು ಅಲ್ವಾ? ಅದರ ಹೆಸರಲ್ಲಿ ಕೊನಜೋಲ್ ಇಲ್ಲ.

ಗುಳಿಗೆ_ಲೆಕ್ಕ

ಅದು ಬೇರೆ ಕುಟುಂಬ, ಸಿವೈಪಿ 3ಎ4 ಗೊಡವೆಗೆ ಹೋಗುವುದಿಲ್ಲ. ಹುಳುಕಡ್ಡಿಗೆ, ಉಗುರಿಗೆ ಬಹಳ ಜನರಿಗೆ ಹೊಂದುತ್ತದೆ. ಆದರೆ ಸಿವೈಪಿ 2ಡಿ6 ಎಂಬ ಇನ್ನೊಂದು ಕಿಣ್ವವನ್ನು ಗಟ್ಟಿಯಾಗಿ ಹಿಡಿಯುತ್ತದೆ. ಹೃದಯದ ಮಾತ್ರೆಗಳಾದ ಮೆಟೊಪ್ರೊಲಾಲ್, ಪ್ರೊಪಫೆನೋನ್, ಫ್ಲೆಕೈನೈಡ್ ಆ ದಾರಿಯಲ್ಲಿ ಒಡೆಯುವಂಥವು. ಮೆಟೊಪ್ರೊಲಾಲ್ ಜೊತೆ ಸೇರಿ ನಾಡಿ ತೀರಾ ಇಳಿದವರಿದ್ದಾರೆ. ಟರ್ಬಿನಾಫಿನ್ ನಿಲ್ಲಿಸಿದ ಮೇಲೂ ಈ ತಡೆ ಕೆಲವು ವಾರ ಉಳಿಯುತ್ತದೆ. ಹೃದಯಕ್ಕೆ ಯಾವ ಮಾತ್ರೆ ನಡೆಯುತ್ತಿದೆ ಅನ್ನುವುದರ ಮೇಲೆ ಫಂಗಸ್ ಮಾತ್ರೆ ಆರಿಸಬೇಕು. ಎಲ್ಲರಿಗೂ ಒಂದೇ ಉತ್ತರ ಇಲ್ಲ.

ಅಂಗಳದ_ಮಲ್ಲಿಗೆ

ಎಲ್ಲರಿಗೂ ಮನಸಾರೆ ಧನ್ಯವಾದ. ಗುಳಿಗೆ ಸರ್ ಹೇಳಿದ ಸಾಲನ್ನೇ ಫೋನ್‌ನಲ್ಲಿ ಓದಿದೆ. ಹೃದಯದ ಡಾಕ್ಟರು "ಕ್ಯಾಪ್ಸೂಲ್ ಬೇಡ, ನಾಳೆ ಬನ್ನಿ" ಅಂದರು. ಇಸಿಜಿಯಲ್ಲಿ ಕ್ಯೂಟಿಸಿ 478. ಅವರು ಸ್ಕೇಲ್ ಇಟ್ಟು ಕೈಯಲ್ಲೇ ಅಳೆದರು. ಪೊಟ್ಯಾಸಿಯಂ 3.3 ಇತ್ತು. ಫ್ಯುರೊಸೆಮೈಡ್‌ನಿಂದ ಇಳಿದಿದೆಯಂತೆ, ಅದಕ್ಕೆ ಔಷಧಿ ಕೊಟ್ಟಿದ್ದಾರೆ. ಅಂದರೆ ಕ್ಯಾಪ್ಸೂಲ್ ನುಂಗುವ ಮೊದಲೇ ಅಪ್ಪ ಅರ್ಧ ದಾರಿ ಹೋಗಿದ್ದರು. ಯೋಚಿಸಿದರೆ ಈಗಲೂ ಕೈ ನಡುಗುತ್ತದೆ.

ಚರ್ಮದ ಡಾಕ್ಟರಿಗೂ ಹೇಳಿದೆ. ಬೇಸರ ಮಾಡಿಕೊಳ್ಳಲಿಲ್ಲ, ತಿಳಿಸಿದ್ದು ಒಳ್ಳೆಯದಾಯಿತು ಅಂದರು. ಸದ್ಯಕ್ಕೆ ಹಚ್ಚುವ ಕ್ರೀಮ್ ಮಾತ್ರ. ಕಲೆ ಮಾಯವಾದ ಮೇಲೂ ಕೆಲವು ವಾರ ಬಿಡದೆ ಹಚ್ಚಬೇಕು ಅಂದಿದ್ದಾರೆ.

ಇಸಿಜಿ_ಅಣ್ಣ

ಆ ಇಸಿಜಿಯ ಫೋಟೋ ತೆಗೆದಿಡಿ ತಂಗಿ. ಕೆಲವು ಕಡೆ ಆ ಕಾಗದ ಕಾಲ ಕಳೆದಂತೆ ಮಾಸಿಹೋಗುತ್ತದೆ. ಪೊಟ್ಯಾಸಿಯಂ ಸರಿಯಾದ ಮೇಲೆ ಇನ್ನೊಂದು ತೆಗೆಸಿ.

ತಾಯಿಮನೆ

ತಡವಾಗಿ ನೋಡಿದೆ. ನಮ್ಮ ಅಮ್ಮನಿಗೆ ಥೈರಾಯ್ಡ್ ಕೆಟ್ಟಿತು ಅಂತ ಹೋದ ತಿಂಗಳು ಅಮಿಯೊಡರಾನ್ ನಿಲ್ಲಿಸಿದರು. ಈಗ ಅನ್ನನಾಳದಲ್ಲಿ ಫಂಗಸ್ ಅಂತ ಫ್ಲುಕೊನಜೋಲ್ ಬರೆದಿದ್ದಾರೆ. ಈಗಿನ ಚೀಟಿಯಲ್ಲಿ ಅಮಿಯೊಡರಾನ್ ಇಲ್ಲ, ಹಾಗಾಗಿ ಕೊಡಬಹುದು ತಾನೆ?

ಗುಳಿಗೆ_ಲೆಕ್ಕ

ಚೀಟಿಯಲ್ಲಿ ಇಲ್ಲ, ಮೈಯಲ್ಲಿ ಇದೆ. ಅಮಿಯೊಡರಾನ್ ಕೊಬ್ಬಿನಲ್ಲಿ, ಲಿವರ್‌ನಲ್ಲಿ, ಶ್ವಾಸಕೋಶದಲ್ಲಿ ಸೇರಿಕೊಂಡು ಕೂತಿರುತ್ತದೆ. ಬಹಳ ಕಾಲ ತೆಗೆದುಕೊಂಡವರಲ್ಲಿ ಅದು ಅರ್ಧಕ್ಕೆ ಇಳಿಯಲು ಸರಾಸರಿ 58 ದಿನ ಬೇಕು. ಕೆಲವರಲ್ಲಿ 15 ದಿನ, ಕೆಲವರಲ್ಲಿ 140 ದಿನದವರೆಗೂ ಹೋಗುತ್ತದೆ. ಪೂರ್ತಿ ಖಾಲಿಯಾಗಲು ತಿಂಗಳುಗಟ್ಟಲೆ. ಒಂದು ತಿಂಗಳಿಗೆ ಅಮ್ಮನ ಮೈಯಲ್ಲಿ ಅರ್ಧಕ್ಕಿಂತ ಜಾಸ್ತಿಯೇ ಉಳಿದಿರಬಹುದು.

ಅನ್ನನಾಳದ ಫಂಗಸ್ ಬಿಡುವಂಥದ್ದಲ್ಲ. ನುಂಗಲು ನೋವಾಗಿ ಊಟ ಬಿಟ್ಟರೆ ಪೊಟ್ಯಾಸಿಯಂ ಇನ್ನಷ್ಟು ಇಳಿಯುತ್ತದೆ. ಹಾಗಾಗಿ ಫ್ಲುಕೊನಜೋಲ್ ಬೇಡ ಅಂತ ನಾನು ಹೇಳುವುದಿಲ್ಲ. ಬರೆದುಕೊಟ್ಟ ಡಾಕ್ಟರಿಗೆ "ಅಮಿಯೊಡರಾನ್ ನಿಲ್ಲಿಸಿ ಒಂದು ತಿಂಗಳಷ್ಟೇ ಆಗಿದೆ" ಅಂತ ಮೊದಲ ಡೋಸ್‌ಗೆ ಮುಂಚೆ ತಿಳಿಸಿ. ಇಸಿಜಿ, ಪೊಟ್ಯಾಸಿಯಂ, ಮೆಗ್ನೀಸಿಯಂ ನೋಡಿ ಅವರು ತೀರ್ಮಾನಿಸಲಿ. ವಾರ್ಫರಿನ್ ಕೂಡ ಇದ್ದರೆ ಐಎನ್‌ಆರ್ ಅನ್ನು ಅದೇ ವಾರದಲ್ಲಿ ಮತ್ತೆ ನೋಡಬೇಕು. ಅಮ್ಮನಿಗೆ ವಾರ್ಫರಿನ್ ನಡೆಯುತ್ತಿದೆಯಾ?

ತಾಯಿಮನೆ

ಇದೆ ಸರ್. ಈಗಲೇ ಫೋನ್ ಮಾಡುತ್ತೇನೆ.